ತವರಿನ ಮೂಳೆ

ಸೂಜಿಯ ತುದಿಯಿಂದ ಹನಿಹನಿಯಾಗಿ ಇಳಿಯುತ್ತಿದ್ದ ಅದನ್ನು ನೋಡಿದ ಯಾರೂ ಮೂಳೆ ಎಂದು ನಂಬುತ್ತಿರಲಿಲ್ಲ. ಕೆನೆಬಣ್ಣದ, ದೋಸೆಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾದ ಲೇಹ್ಯ. ಡಾಕ್ಟರ್ ಅನಿಕೇತ ಹೂಲಿ ಅದನ್ನು ಪಲ್ಲವಿಯವ್ವನ ಕೆಳದವಡೆಯ ಒಸಡಿನೊಳಗೆ ತುಂಬಿ, ಮೇಲೊಂದು ತೆಳ್ಳನೆಯ ಪೊರೆ ಹೊದಿಸಿ, ಹೊಲಿಗೆ ಹಾಕಿದರು. "ಇನ್ನು ಬಾಯಿ ಮುಚ್ಚಿಕೊಂಡು ಕೂತರೆ ಸಾಕು ಅಮ್ಮಾ, ಒಳಗೆ ತಾನಾಗಿ ಹೆಪ್ಪುಗಟ್ಟುತ್ತೆ," ಎಂದರು. ಬಾಯಿ ಮುಚ್ಚಿಕೊಂಡು ಕೂರುವುದು ಪಲ್ಲವಿಯವ್ವನಿಗೆ ಎಂಥ ಶಿಕ್ಷೆ ಎನ್ನುವುದು ಅವರಿಗಿನ್ನೂ ಗೊತ್ತಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಹತ್ತಿ ಕಚ್ಚಿಕೊಂಡು ಇನ್ನೊಬ್ಬಳು ಕೂತಿದ್ದಳು. ಹೆಸರು ಇಬ್ಬನಿ. ಪಲ್ಲವಿಯವ್ವನ ಮಗನ ಹೆಂಡತಿ, ಅದಕ್ಕೂ ಮೊದಲು ಪಲ್ಲವಿಯವ್ವನ ತಮ್ಮನ ಮಗಳು. ಆ ಲೇಹ್ಯದೊಳಗಿನ ಜೀವ ಬಂದದ್ದು ಇವಳ ದವಡೆಯಿಂದ. ಅವಳನ್ನು ಯಾರೂ ಮಾತಾಡಿಸಲಿಲ್ಲ. ಮಾತಾಡಿಸಿದ್ದರೂ ಬಾಯಲ್ಲಿ ಹತ್ತಿ ಇತ್ತು ಬಿಡಿ.

ಪಲ್ಲವಿ ಅಂತ ಹೆಸರಿಟ್ಟುಕೊಂಡ ಹುಡುಗಿಯರೆಲ್ಲ ಮುದುಕಿಯರಾಗಿದ್ದ ಕಾಲ ಅದು. ಊರು ಗೋಕಾಕ. ಘಟಪ್ರಭೆಯ ಮೇಲೆ ಆಳಿಲ್ಲದ ಗಾಡಿಗಳು ಸರಕು ಹೊತ್ತು ಹಾರುತ್ತಿದ್ದವು, ಮನೆಮನೆಯಲ್ಲಿ ಗೋಡೆಗಳೇ ಮಾತಾಡುತ್ತಿದ್ದವು. ಆದರೂ ಊರಿನ ಕರದಂಟು ಕರದಂಟಾಗಿಯೇ ಉಳಿದಿತ್ತು: ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲದ ಪಾಕ. ಪಲ್ಲವಿಯವ್ವನ ಮನೆಯದ್ದು ಊರಿನಲ್ಲೇ ಹೆಸರಾದ ಕರದಂಟು. ಆಕೆಯ ಹಲ್ಲು ಹೋದದ್ದೂ ಅದರಿಂದಲೇ. ಆ ಮನೆಯಲ್ಲಿ ಕಾಲದಿಂದ ನಡೆದುಬಂದ ಒಂದು ಪದ್ಧತಿ ಇತ್ತು. ಪ್ರತಿ ಕೊಪ್ಪರಿಗೆಯ ಮೊದಲ ತುಂಡನ್ನು ಮನೆಯ ಹೆಣ್ಣುಮಗಳು ಮಣೆಯ ಮೇಲೆ ಕೂತು ಕಡಿಯಬೇಕು. ತುಂಡು ಮೊದಲು ಹಲ್ಲಿಗೆ ಎದುರಾಡಬೇಕು, ಆಮೇಲೆ ಸೋಲಬೇಕು, ಅಂಟಿಕೊಳ್ಳಬಾರದು. ಆಕೆ "ಹೂಂ" ಅಂದರೆ ಮಾತ್ರ ಮಿಕ್ಕದ್ದನ್ನು ಕೊಯ್ಯುತ್ತಿದ್ದರು. ಗಟ್ಟಿತನ ಅಳೆಯುವ ಯಂತ್ರ ತಂದು ಒಂದು ಹಬ್ಬ ನೋಡಿದ್ದರು, ಗಿರಾಕಿಗಳು ಮೂಗು ಮುರಿದಿದ್ದರು. ಅಲ್ಲಿಗೆ ಯಂತ್ರ ಅಟ್ಟ ಸೇರಿತು.

ಮದುವೆಯಾಗಿ ಬಂದಾಗಿನಿಂದ ಆ ಮಣೆ ಪಲ್ಲವಿಯವ್ವನದು. ದವಡೆಯ ಹಲ್ಲುಗಳು ಒಂದೊಂದಾಗಿ ಉದುರಿ ಕಟ್ಟಿಸಿದ ಸೆಟ್ಟು ಬಂದ ಮೇಲೂ ಜಂಬ ಬಿಡದೆ ಕೂತಳು. ಆದರೆ ಸೆಟ್ಟಿಗೆ ಏನು ತಿಳಿಯುತ್ತದೆ, ಮಣ್ಣು! ಏರಿ ಗಟ್ಟಿಯಾದ ಪಾಕಕ್ಕೂ "ಹೂಂ", ಇಳಿದ ಪಾಕಕ್ಕೂ "ಹೂಂ". ಬೆಳಗಾವಿಯ ವ್ಯಾಪಾರಿಗಳು ಮಾಲು ವಾಪಸ್ ಕಳಿಸಿದ ದಿನ ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳಂತೆ.

ಇಲ್ಲಿ ಸ್ವಲ್ಪ ಮೂಳೆಯ ವಿಚಾರ ಹೇಳಬೇಕು. ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆ ಇದ್ದಹಾಗೆ ಇರುವುದಿಲ್ಲ. ಕೆಲಸವಿಲ್ಲದ ಮೂಳೆಯನ್ನು ಮೈ ಸಾಕುವುದಿಲ್ಲ, ವರ್ಷ ಕಳೆದಂತೆ ಕರಗಿಸಿಬಿಡುತ್ತದೆ. ಗಟ್ಟಿಯಾದ ಹೊಸ ಹಲ್ಲು ಬೇಕೆಂದರೆ ಟೈಟೇನಿಯಂ ತಿರುಪೊಂದನ್ನು ಮೂಳೆಯೊಳಗೆ ನೆಟ್ಟು ಅದರ ಮೇಲೆ ಹಲ್ಲು ಕೂರಿಸಬೇಕು. ಇಂಪ್ಲಾಂಟ್ ಅನ್ನುವುದು ಅದಕ್ಕೇ. ಮೂಳೆಯೇ ಇಲ್ಲದ ಕಡೆ ತಿರುಪು ಯಾವುದನ್ನು ಹಿಡಿದು ನಿಲ್ಲಬೇಕು? ಹಾಗಾಗಿ ಮೊದಲು ಮೂಳೆ ಕಸಿ. ಹಿಂದೆಲ್ಲ ರೋಗಿಯ ಸೊಂಟದಿಂದ ಚೂರು ಕೆತ್ತುತ್ತಿದ್ದರು, ಸತ್ತವರ ಮೂಳೆಪುಡಿ ತುಂಬುತ್ತಿದ್ದರು, ದನದ ಮೂಳೆಯನ್ನು ಕಾಯಿಸಿ ಶುದ್ಧಮಾಡಿ ಹಾಕುತ್ತಿದ್ದರು. ದನದ್ದು ಅಂತ ತಿಳಿದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಕುರ್ಚಿಯಿಂದಲೇ ಎದ್ದುಹೋಗುತ್ತಿದ್ದರು. ಮುದುಕರ ಮೈಯಲ್ಲಿ ಇವು ಯಾವುವೂ ಸರಿಯಾಗಿ ಹಿಡಿಯುತ್ತಿರಲಿಲ್ಲ.

ಹೂಲಿಯವರು ಕಂಡುಹಿಡಿದದ್ದು ಬದುಕಿರುವ ಮೂಳೆಯ ಹೆಪ್ಪು. ಎಳೆಯ ವಯಸ್ಸಿನವರ ದವಡೆಯಿಂದ ಅಕ್ಕಿಕಾಳಿನಷ್ಟು ಮೂಳೆ ತೆಗೆದು ಒಂದು ದ್ರಾವಣದಲ್ಲಿ ನೆನೆಹಾಕುತ್ತಿದ್ದರು. ಪ್ರತಿ ಜೀವಕೋಶದ ಮೈಮೇಲೆ ಅದರ ಒಡೆಯನ ಗುರುತು ಇರುತ್ತದೆ, ಆ ಗುರುತು ಕಂಡೇ ಬೇರೆಯವರ ಮೈ ಅದನ್ನು ಹೊಡೆದು ಓಡಿಸುವುದು. ದ್ರಾವಣ ಆ ಗುರುತನ್ನು ಬಹುಪಾಲು ತೊಳೆಯುತ್ತಿತ್ತು, ಪೂರ್ತಿ ಅಲ್ಲ. ಹತ್ತಿರದ ರಕ್ತದವರಾದರೆ ಉಳಿದ ಗುರುತನ್ನು ಮೈ ಸಹಿಸಿಕೊಳ್ಳುತ್ತಿತ್ತು. ಮುದುಕರ ದವಡೆಗೆ ತುಂಬಿದ ಆ ಒಂದು ಕಾಳು ಕೆಲವೇ ವಾರಗಳಲ್ಲಿ ಹಬ್ಬಿ ಗಟ್ಟಿ ಮೂಳೆಯಾಗಿ ನಿಲ್ಲುತ್ತಿತ್ತು. ಮಕ್ಕಳು ತಂದೆತಾಯಿಗೆ ಕೊಡುತ್ತಾರೆ, ಇದಕ್ಕಿಂತ ಚೆಂದ ಏನಿದೆ ಅಂತ ಹೂಲಿ ಅಂದುಕೊಂಡಿದ್ದರು. ಪಾಪ, ವಿಜ್ಞಾನಿ.

ಮೊದಲ ಸಲ ಇಡೀ ಸಂಸಾರ ಅವರ ಮುಂದೆ ಬಂದು ಕೂತಾಗ ಅವರು ನೇರವಾಗಿ ಹೇಳಿದರು: "ಮಗನ ಮೂಳೆಯೇ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತೆ ಅಮ್ಮಾ. ಲೋಹಿತ ಇದ್ದಾರಲ್ಲ, ಒಂದು ಕಾಳು ತಗೊಂಡರೆ ಸಾಕು."

"ಅಯ್ಯ ಶಿವನ! ನನ್ನ ಮಗನ ಬಾಯಾಗ ಕತ್ರಿ ಆಡಸ್ತೀರೇನ್ರಿ?" ಪಲ್ಲವಿಯವ್ವ ಗಲ್ಲದ ಮೇಲೆ ಕೈಯಿಟ್ಟಳು. "ನಾಕು ಮಂದ್ಯಾಗ ತಿರಗಾಡೂ ಗಂಡಸ ಅಂವ."

ಎಲ್ಲರೂ ನಕ್ಕರು. ಹೂಲಿಯೂ ನಕ್ಕರು. ಲೋಹಿತ ಮಾತ್ರ ನಗದೆ ತನ್ನ ಮುಂಗೈಯ ಪರದೆ ನೋಡುತ್ತ ಕೂತಿದ್ದ. ನಗು ನಿಲ್ಲುವ ಹೊತ್ತಿಗೆ ಎಲ್ಲರ ಕಣ್ಣು ಇಬ್ಬನಿಯ ಮೇಲಿತ್ತು. ತಮ್ಮನ ಮಗಳ ಮೂಳೆಯೂ ನಡೆಯುತ್ತದೆ ಎಂದು ಹೂಲಿ ಪರೀಕ್ಷೆ ಮಾಡಿ ಹೇಳಿದರು. "ಒಪ್ಪಿಗೆ ಇದೆಯಲ್ಲ?" ಎಂದು ಪಲ್ಲವಿಯವ್ವನನ್ನು ಕೇಳಿದರು.

"ಹೂನ್ರಿ. ನಮ್ಮ ಹುಡುಗಿ," ಅಂದಳು ಪಲ್ಲವಿಯವ್ವ.

ಇದು ಒಂದು ಮನೆಯ ಕತೆಯಾಗಿದ್ದರೆ ನಾನು ಹೇಳಲು ಕೂರುತ್ತಲೇ ಇರಲಿಲ್ಲ. ಸೋದರ ಸಂಬಂಧದ ಮದುವೆಯನ್ನು ಆ ಹೊತ್ತಿಗೆ ಜನ ಬಹುಮಟ್ಟಿಗೆ ಬಿಟ್ಟೇಬಿಟ್ಟಿದ್ದರು. ಹುಟ್ಟುವ ಮಕ್ಕಳಿಗೆ ತೊಂದರೆ ಅಂತ ಆಸ್ಪತ್ರೆಗಳು ಹೇಳಿ ಹೇಳಿ, ಅಕ್ಕನ ಮಗನಿಗೆ ಮಗಳನ್ನು ಕೊಡುವುದು ನಾಚಿಕೆಯ ವಿಷಯವೇ ಆಗಿತ್ತು. ಹೆಪ್ಪು ಬಂತು ನೋಡಿ, ಲೆಕ್ಕ ತಿರುಗಾಮುರುಗಾ ಆಯಿತು. ಮಗನನ್ನು ಕೊಯ್ಯಲು ಯಾರಿಗೂ ಮನಸ್ಸಿಲ್ಲ. ಮಗಳು ಬೇರೆ ಮನೆಯವಳಾಗಿದ್ದಾಳೆ, ಅವಳನ್ನು ಕರೆಸಿ ಕೊಯ್ದರೆ ಬೀಗರು ಏನಂದಾರು! ಹೊರಗಿನಿಂದ ತಂದ ಸೊಸೆಯನ್ನು ಕೊಯ್ಯಲು ಯಾರ ಅಡ್ಡಿಯೂ ಇಲ್ಲ, ಆದರೆ ಮೂಳೆ ಕೂಡುವುದಿಲ್ಲ. ಉಳಿದವಳು ತವರಿನಿಂದ ತಂದ ಸೊಸೆ. ಎರಡೇ ವರ್ಷದಲ್ಲಿ ಮದುವೆ ಮಾಡಿಸುವವರು ಜಾತಕಕ್ಕಿಂತ ಮೊದಲು ಹುಡುಗಿಯ ದವಡೆಯ ಚಿತ್ರ ಕೇಳಲು ಶುರುಮಾಡಿದರು. ಹೂಲಿಯವರಿಗೆ ಇದು ಗೊತ್ತಾದಾಗ ಅವರು ಬೇಜಾರು ಮಾಡಿಕೊಂಡರು. ಆಮೇಲೆ ಸಂಜೆ ಸನ್ಮಾನವೊಂದಿತ್ತು, ಹೋದರು.

ಇಬ್ಬನಿಯನ್ನು ತಂದದ್ದೂ ಅದಕ್ಕೇನಾ ಅಂದರೆ, ಹೌದು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಧಾರವಾಡದಲ್ಲಿ ಆಹಾರವಿಜ್ಞಾನ ಓದುತ್ತಿದ್ದವಳು. ಅಪ್ಪ ಪ್ರಭುಲಿಂಗನಿಗೆ ಒಬ್ಬಳೇ ಮಗಳು, ತಾಯಿ ತೀರಿಹೋಗಿದ್ದಳು. "ನನ್ನ ಅಕ್ಕ ನನ್ನ ಎತ್ತಿ ಬೆಳಸ್ಯಾಳ, ಆಕಿ ಮಾತು ಹೆಂಗ ತಗದ ಹಾಕ್ಲೇ?" ಅಂತ ಅಪ್ಪ ಕಣ್ಣೀರು ಹಾಕಿದಾಗ ಹುಡುಗಿ ಓದು ಬಿಟ್ಟು ಬಂದಳು. ಮೂಳೆ ತೆಗೆಯುವ ದಿನ ಆ ಮನುಷ್ಯ ಆಸ್ಪತ್ರೆಗೆ ಕುಬಸದ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಬಂದಿದ್ದ. ತವರಿನ ಹೆಣ್ಣುಮಗಳಿಗೆ ಉಡಿ ತುಂಬಬೇಕಲ್ಲ! ತುಂಬಲು ಮನೆಯಲ್ಲಿ ಹೆಂಗಸಿಲ್ಲದ್ದರಿಂದ ನರ್ಸಮ್ಮನ ಕೈಯಿಂದಲೇ ಅಕ್ಕನ ಉಡಿ ತುಂಬಿಸಿದ. "ನನ್ನ ಮಗಳ ಎಲುವೂ ಇದರಾಗ ಒಂದು ಅಂತ ತಿಳಕೋ ಅಕ್ಕಾ," ಅಂದ. ಪಲ್ಲವಿಯವ್ವ ತುಂಬಿದ ಉಡಿಯನ್ನು ಕಣ್ಣಿಗೆ ಒತ್ತಿಕೊಂಡಳು. ಮಗಳಿಗೆ ಆ ಹೊತ್ತಿಗೆ ಅರಿವಳಿಕೆ ಕೊಟ್ಟು ಒಳಗೆ ಒಯ್ದಾಗಿತ್ತು.

ಅತ್ತೆಯ ದವಡೆ ಮಾಗುವವರೆಗೆ ಮಣೆ ಇಬ್ಬನಿಗೆ ಬಂತು. ಅವಳದ್ದು ಎಡಗಡೆ ತೆಗೆದಿದ್ದರು, ಬಲಗಡೆ ಕಡಿಯಲು ಅಡ್ಡಿಯಿರಲಿಲ್ಲ. ಮೊದಲ ತುಂಡು ಕಡಿದಾಗ ಅವಳು ಕಣ್ಣು ಮುಚ್ಚಿ ಸುಮ್ಮನೆ ಕೂತಳು. "ಪಾಕ ಒಂದು ಎಳಿ ಜಾಸ್ತಿ ಆಗೈತಿ. ಅಂಟು ಕರಿಯೂಕಿಂತ ಮೊದಲ ಬಿಸಿಲಾಗ ಇಟ್ಟಿಲ್ಲ," ಅಂದಳು. ಮೇಸ್ತ್ರಿ ಗುರುಪಾದ ನಕ್ಕುಬಿಟ್ಟ, ಆಮೇಲೆ ಹೋಗಿ ನೋಡಿದ, ನಿಜವೇ. ಒಂದು ಶ್ರಾವಣ ಕಳೆಯುವಷ್ಟರಲ್ಲಿ ವಾಪಸ್ ಬರುತ್ತಿದ್ದ ಮಾಲು ನಿಂತಿತು. ಬೆಳಗಾವಿಯವರು ಫೋನ್ ಮಾಡಿ, "ಈಗ ಯಾರ್ರಿ ಕಡಿಯೋರು?" ಅಂತ ಕೇಳಿದರು.

ಆ ಮನೆಯಲ್ಲಿ ಇಬ್ಬನಿಗೆ ಬೇರೇನೂ ಇರಲಿಲ್ಲ. ಗಂಡ ಕೆಟ್ಟವನಲ್ಲ, ಇದ್ದೂ ಇಲ್ಲದವನು. ಓದು ಹೋಗಿತ್ತು, ಅಪ್ಪ ಅಕ್ಕನ ಪಾಲಾಗಿದ್ದ. ಮಣೆಯ ಮೇಲೆ ಕೂತು ತುಂಡು ಬಾಯಿಗಿಟ್ಟುಕೊಂಡಾಗ ಮಾತ್ರ ಇಡೀ ಕಾರ್ಖಾನೆ ಉಸಿರು ಹಿಡಿದು ಅವಳ ಮುಖ ನೋಡುತ್ತಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ. ತನ್ನ ಬಲದವಡೆಯನ್ನು ಅವಳು ಎಷ್ಟು ಜೋಪಾನ ಮಾಡುತ್ತಿದ್ದಳೆಂದರೆ, ಊಟವನ್ನೆಲ್ಲ ಮುಂದಿನ ಹಲ್ಲಿನಲ್ಲೇ ಮಾಡಿ ಮುಗಿಸುತ್ತಿದ್ದಳು.

ಪಲ್ಲವಿಯವ್ವ ಒಳಗಿನ ಕೋಣೆಯಲ್ಲಿ ಗಂಜಿ ಕುಡಿಯುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಹೊಟ್ಟೆ ಉರಿಯಿತು. ಇನ್ನೂ ಮಾಗದ ದವಡೆಯಲ್ಲೇ ಒಂದು ದಿನ ಕದ್ದು ಕರದಂಟು ಕಡಿದಳು. ಒಳಗಿನ ಹೆಪ್ಪು ಒಡೆದು ಕೀವಾಯಿತು. "ಕಾಳು ಸಣ್ಣದಾತು," ಎಂದು ತಪ್ಪನ್ನು ಸೊಸೆಯ ಮೂಳೆಯ ಮೇಲೆ ಹಾಕಿದಳು. ಇಬ್ಬನಿಯ ಎಡದವಡೆಯಿಂದ ಇನ್ನೊಂದು ಸಲ ತೆಗೆದರು. ಈ ಸಲ ಹೆಪ್ಪು ಕಲ್ಲಿನಂತೆ ನಿಂತಿತು, ತಿರುಪು ಕೂತವು, ಅವುಗಳ ಮೇಲೆ ಬೆಳ್ಳನೆಯ ಹಲ್ಲುಗಳು ಬಂದವು. ಪಲ್ಲವಿಯವ್ವ ಕಾರ್ಖಾನೆಗೆ ಬಂದು, "ಏಳ ಬೇ," ಅಂದಳು. ಇಬ್ಬನಿ ಎದ್ದಳು.

ಅತ್ತೆ ಕಡಿದು "ಹೂಂ" ಅಂದಳು. ಗುರುಪಾದ ತಕ್ಷಣ ಕತ್ತಿ ಎತ್ತಲಿಲ್ಲ. ಅವನ ಕಣ್ಣು ಒಮ್ಮೆ ಇಬ್ಬನಿಯ ಕಡೆ ಹೋಗಿ ಬಂತು. ಅವಳು ಸಣ್ಣಗೆ ತಲೆಯಾಡಿಸಿದ ಮೇಲೆ ಕೊಯ್ದ. ಪಲ್ಲವಿಯವ್ವ ಅದನ್ನು ನೋಡಿದಳು. ಮರುದಿನ ಬೆಳಿಗ್ಗೆ ಒಬ್ಬಳೇ ಹೂಲಿಯವರ ಮುಂದೆ ಹೋಗಿ ಕೂತಳು.

"ಮ್ಯಾಲಿನ ದವಡಿಗೂ ಹಾಕ್ರಿ ಡಾಕ್ಟ್ರ. ಅಲ್ಲೂ ಹಲ್ಲ ಹೋಗ್ಯಾವ."

"ಮೇಲಿನದಕ್ಕೆ ಅಂಥ ಅವಸರ ಏನಿಲ್ಲ ಅಮ್ಮಾ. ಹುಡುಗಿಯಿಂದ ಈಗಾಗಲೇ ಎರಡು ಸಲ ತೆಗೆದಿದ್ದೇವೆ."

"ಎಡಗಡೆ ತಗದೀರಿ. ಬಲಗಡೆದು ಹಂಗ ಐತಿ. ದಿನಾ ಅದರಲೇ ಕಡೀತಾಳ, ಅಲ್ಲೆ ಎಲುವು ಭಾಳ ಗಟ್ಟಿ ಇರ್ತೈತಿ ನೋಡ್ರಿ."

ಹೂಲಿ ಪೆನ್ನು ಕೆಳಗಿಟ್ಟರು. ಮುದುಕಿ ಹೇಳಿದ್ದು ವಿಜ್ಞಾನದ ಪ್ರಕಾರ ಸರಿ. ದುಡಿಯುವ ಮೂಳೆ ದಟ್ಟವಾಗುತ್ತ ಹೋಗುತ್ತದೆ. ಹಾಗೆ ದುಡಿದ ಮೂಳೆಯ ಹೆಪ್ಪು ಸಾಧಾರಣ ಹೆಪ್ಪಿಗಿಂತ ಬಲವಾಗಿರುತ್ತದೆಯೇ ಎಂಬುದು ಅವರನ್ನು ಬಹಳ ದಿನದಿಂದ ಕಾಡುತ್ತಿದ್ದ ಪ್ರಶ್ನೆ. ಒಬ್ಬಳದೇ ಎಡ, ಒಬ್ಬಳದೇ ಬಲ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು? ಎದುರಿಗಿದ್ದ ಹೆಂಗಸಿನ ಕಣ್ಣಲ್ಲಿ ವೈರ ಇತ್ತು, ಅವರಿಗೆ ಪ್ರಯೋಗ ಕಂಡಿತು. ಓದಿದವರ ಕಣ್ಣು ಇಷ್ಟೇ ನೋಡಿ.

ಕುರ್ಚಿಯಲ್ಲಿ ಕೂರಿಸಿದಾಗ ಇಬ್ಬನಿ ಅವರ ಕೈ ಹಿಡಿದುಕೊಂಡಳು. "ಸರ್, ಎಡಗಡೆನ ತಗೀರಿ. ಬಲಗಡೆದು ನನ್ನ ಕೆಲಸದ್ದೈತ್ರಿ."

"ಎಡಗಡೆ ತೆಗೆಯೋಕೆ ಏನೂ ಉಳಿದಿಲ್ಲ ತಾಯಿ. ಬಲಗಡೆದು ಆರು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತೆ. ಅಲ್ಲಿವರೆಗೆ ಮೆತ್ತಗಿನದು ತಿಂದುಕೊಂಡಿರು, ಗಟ್ಟಿದು ಮುಟ್ಟಬೇಡ."

"ಅಷ್ಟ ದಿನ ಮಣಿ ಮ್ಯಾಲ ಯಾರು ಕುಂದರ್ತಾರ?" ಅವಳು ಕೇಳಿದಳು. ಮಣೆ ಅಂದರೆ ಏನು ಅಂತಲೇ ಹೂಲಿಯವರಿಗೆ ಗೊತ್ತಿರಲಿಲ್ಲ. ಇಬ್ಬನಿ ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದಳು. "ಲೋಹಿತಾ, ನೀ ಏನರ ಹೇಳೋ."

"ಅವ್ವಗ ನಾ ಹೆಂಗ ಹೇಳ್ಲಿ?" ಎಂದ ಲೋಹಿತ. "ಇದೊಂದ ಸಲ ಅಷ್ಟ. ತಡಕೋ."

ಹೂಲಿ ಒಂದೇ ಕಾಳು ತೆಗೆಯಲಿಲ್ಲ. ಹೋಲಿಕೆಗೆ ಇನ್ನೊಂದಿಷ್ಟು ಬೇಕಲ್ಲ ಎಂದು ದವಡೆಯ ಮೂಲೆಯಿಂದ ಉದ್ದನೆಯ ಚೂರನ್ನೇ ತೆಗೆದರು. ಅದು ಅಪಾಯದ ಗಡಿ ಅಂತ ಅವರ ಕೈಗೆ ಗೊತ್ತಾಗಿತ್ತು. ಹುಡುಗಿ ಎಳೆಯವಳು, ತುಂಬಿಕೊಳ್ಳುತ್ತೆ ಅಂತ ಮನಸ್ಸು ಸಮಾಧಾನ ಹೇಳಿತು.

ಮರುವರ್ಷ ದಸರೆಯ ಮುಂಚೆ ಬೆಳಗಾವಿಯ ವ್ಯಾಪಾರಿಗಳು ದೊಡ್ಡದೊಂದು ಮದುವೆಯ ಮಾಲಿಗಾಗಿ ತಾವೇ ಬಂದರು. ಪಲ್ಲವಿಯವ್ವನ ಮೇಲ್ದವಡೆಯ ಹೊಲಿಗೆ ಇನ್ನೂ ಹಸಿಯಾಗಿತ್ತು, ಆಕೆ ಕಡಿಯುವಂತಿರಲಿಲ್ಲ. ಸೊಸೆ ಕಡಿಯಬಾರದು ಅಂತ ಡಾಕ್ಟರು ಹೇಳಿದ್ದನ್ನು ಆಕೆ ತನ್ನ ಕಿವಿಯಿಂದಲೇ ಕೇಳಿದ್ದಳು. "ಈ ಸಲ ಆಗೂದಿಲ್ರಿ" ಅನ್ನಬಹುದಿತ್ತು. ಅನ್ನಲಿಲ್ಲ. ಬೆಲ್ಲದಂಥ ದನಿಯಲ್ಲಿ, "ಅದಕ್ಕೇನ್ರಿ, ನಮ್ಮ ಇಬ್ಬನಿ ಅದಾಳಲ್ಲ, ಕಡೀತಾಳ ತಗೋರಿ," ಅಂದಳು.

ಇಬ್ಬನಿ ಬೇಡ ಅನ್ನಬಹುದಿತ್ತಲ್ಲ ಅಂತ ಕೇಳುವವರು ಇದ್ದಾರೆ. ವಾರಗಟ್ಟಲೆ ದೂರ ನಿಂತು ನೋಡಿದ ಮಣೆ ಎದುರಿಗೆ ಖಾಲಿ ಇತ್ತು. ವ್ಯಾಪಾರಿಗಳು ಅವಳ ಹೆಸರು ಹಿಡಿದು ಕರೆಯುತ್ತಿದ್ದರು. ಮೆಲ್ಲಗೆ ಕಡಿದರಾಯಿತು ಅಂದುಕೊಂಡು ಹೋಗಿ ಕೂತಳು. ಗುರುಪಾದ ತುಂಡು ಕೊಟ್ಟ. ಅವಳು ಬಲಗಡೆ ಇಟ್ಟುಕೊಂಡು ಕಚ್ಚಿದಳು.

ಟಕ್ ಎಂದಿತು. ಅಂಟು ಮುರಿದ ಸದ್ದು ಅಂದುಕೊಂಡ ವ್ಯಾಪಾರಿಗಳು ನಕ್ಕರು. ಇಬ್ಬನಿಯ ಬಾಯಿ ಮುಚ್ಚಲಿಲ್ಲ. ಕೆಳದವಡೆ ಒಂದು ಪಕ್ಕಕ್ಕೆ ಜಾರಿ ನಿಂತಿತ್ತು, ಕಡಿದ ತುಂಡು ನೆತ್ತರಿನ ಜೊತೆ ಮಡಿಲಿಗೆ ಬಿತ್ತು. ಅವಳ ಗಂಟಲಿಂದ ಬಂದ ದನಿ ಕೇಳಿ ಗುರುಪಾದ ಕತ್ತಿ ಬಿಸಾಕಿ ಓಡಿಬಂದ. ಪಲ್ಲವಿಯವ್ವ ಬಗ್ಗಿ ಆ ತುಂಡನ್ನು ಎತ್ತಿ, ಬೆರಳಲ್ಲಿ ಒತ್ತಿ ನೋಡಿದಳು.

"ಪಾಕ ಏರೈತಿ," ಅಂದಳು.

ಮುರಿದ ದವಡೆಗೆ ಪಟ್ಟಿ ಹಾಕಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಮಲಗಿಸಿದ ಮೇಲೆ ಹೂಲಿಯವರು ಮನೆಯವರನ್ನು ಅವಳ ಮಂಚದ ಪಕ್ಕಕ್ಕೇ ಕರೆದರು. ಅವರ ಮುಖ ಬಿಳಿಚಿತ್ತು. "ಮುರಿದ ಜಾಗದಲ್ಲಿ ಮೂಳೆ ಇಲ್ಲ. ಹೆಪ್ಪು ಹಾಕಲೇಬೇಕು, ಇಲ್ಲದಿದ್ದರೆ ಕಚ್ಚುವ ಬಲ ತಿರುಗಿ ಬರೋದಿಲ್ಲ. ಅವಳಿಂದಲೇ ತೆಗೆಯೋಣ ಅಂದರೆ ಇನ್ನೇನೂ ಮಿಕ್ಕಿಲ್ಲ." ಆಮೇಲೆ ಪಲ್ಲವಿಯವ್ವನ ಕಡೆ ತಿರುಗಿದರು. "ಆದರೆ ಒಂದು ಒಳ್ಳೆಯ ದಾರಿ ಇದೆ. ನಿಮ್ಮ ಕೆಳದವಡೆಯಲ್ಲಿ ಬೆಳೆದಿರೋದು ನಿಮ್ಮ ಮೂಳೆಯಲ್ಲ ಅಮ್ಮಾ, ಇವಳದ್ದು. ಒಂದು ಕಾಳು ವಾಪಸ್ ಕೊಟ್ಟರೆ ಸಾಕು. ಗುರುತು ತೊಳೆಯೋದೂ ಬೇಕಿಲ್ಲ, ತನ್ನದು ಅಂತ ಅವಳ ಮೈ ತಗೊಳ್ಳುತ್ತೆ. ನಿಮ್ಮ ಒಂದು ಹಲ್ಲು ಸಡಿಲ ಆಗಬಹುದು. ಅಷ್ಟೇ."

ಪಲ್ಲವಿಯವ್ವನ ಕೈ ತಾನಾಗಿ ಗಲ್ಲಕ್ಕೆ ಹೋಯಿತು. "ನನ್ನ ವಯಸ್ಸಿಗೆ ಕೊಯ್ಯೂದಂದ್ರ ಹೆಂಗ್ರಿ?"

"ಮೂರು ಸಲ ನಿಮ್ಮ ಬಾಯಿ ಕೊಯ್ದಿದ್ದೇನಲ್ಲಮ್ಮಾ."

"ಅದು ಹಾಕಾಕ. ಇದು ತಗ್ಯಾಕ," ಅಂದಳು ಆಕೆ. ಆಮೇಲೆ ತಮ್ಮನ ಮುಖ ನೋಡಿದಳು, ಅವನೇ ಹೇಳಲಿ ಅಂತ.

ಪ್ರಭುಲಿಂಗನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಗಳ ಪಾದ ಹಿಡಿದುಕೊಂಡೇ ಮಾತಾಡಿದ. "ಡಾಕ್ಟ್ರ, ಹೆಣ್ಣಮಗಳ ಉಡ್ಯಾಗ ಹಾಕಿದ್ದನ್ನ ತವರಮನ್ಯಾವ್ರು ತಿರುಗಿ ಕೇಳ್ತಾರೇನ್ರಿ? ಕೇಳಿದ್ರ ನಾ ಆಕಿಗಿ ತಮ್ಮ ಹೆಂಗಾದೆ? ನಾಳೆ ನನ್ನ ಹೊಸ್ತಿಲಾ ತುಳೀತಾಳೇನು ನಮ್ಮಕ್ಕ?"

"ಮಲಗಿರೋದು ನಿಮ್ಮ ಮಗಳು," ಎಂದರು ಹೂಲಿ.

"ಗೊತ್ತೈತ್ರಿ," ಅಂದ. ಅಳುತ್ತಲೇ ಬೇಡ ಅಂದ. ಅವನದೇ ಮೂಳೆ ತೆಗೆಯೋಣವೆಂದರೆ ವಯಸ್ಸು ಮೀರಿತ್ತು.

ಮೂಲೆಯಲ್ಲಿ ನಿಂತಿದ್ದ ಲೋಹಿತ ಮೆಲ್ಲಗೆ, "ನಂದು ಕೂಡತೈತೇನ್ರಿ?" ಅಂತ ಕೇಳಿದ. ಹೂಲಿ ಆಸೆಯಿಂದ ಅವನ ಕಡೆ ನೋಡಿದರು. "ಪರೀಕ್ಷೆ ಮಾಡಿದರೆ..." ಅನ್ನುವಷ್ಟರಲ್ಲಿ ಪಲ್ಲವಿಯವ್ವ, "ನೀ ಸುಮ್ನಿರು," ಅಂದಳು. ಅವನು ಮುಂಗೈಯ ಪರದೆಗೆ ಕಣ್ಣಿಳಿಸಿದ. ಇಬ್ಬನಿ ತಂತಿ ಬಿಗಿದ ಬಾಯಲ್ಲಿ, ಕಣ್ಣು ತೆರೆದುಕೊಂಡು, ಎಲ್ಲವನ್ನೂ ಕೇಳಿಸಿಕೊಂಡಳು. ಕಿವಿಗೆ ಅರಿವಳಿಕೆ ಕೊಟ್ಟಿರಲಿಲ್ಲವಲ್ಲ.

ಕೊನೆಗೆ ಹೂಲಿ ಹಳೆಯ ವಿದ್ಯೆಗೆ ಹೋದರು, ಅವಳ ಸೊಂಟದಿಂದ ಮೂಳೆ ಕೆತ್ತಿ ತಂದು ತುಂಬಿದರು. ಸೊಂಟದ ಮೂಳೆ ದವಡೆಯಲ್ಲಿ ನಿಲ್ಲುತ್ತದೆ, ಆದರೆ ವರ್ಷ ಕಳೆದಂತೆ ಸವೆಯುತ್ತದೆ. ದವಡೆ ಕೂಡಿತು, ಸೊಟ್ಟಗೆ ಕೂಡಿತು. ಮಾತು ಬಂತು, ಸ್ವಲ್ಪ ತೊದಲು. ಕೆಳತುಟಿಗೆ ಸ್ಪರ್ಶ ಹೋಗಿತ್ತು, ಗಂಜಿ ಕುಡಿದರೆ ಗಲ್ಲದ ಮೇಲೆ ಇಳಿದದ್ದು ತಿಳಿಯುತ್ತಿರಲಿಲ್ಲ. ಕಡಿಯುವ ಮಾತಂತೂ ಮುಗಿದೇಹೋಯಿತು. ಮಣೆಯ ಮೇಲೆ ಪಲ್ಲವಿಯವ್ವ ಕೂತಳು. ಈಗ ಆಕೆಯ "ಹೂಂ" ಬಹಳ ಸರಿಯಾಗಿರುತ್ತದೆ ಅಂತ ಬೆಳಗಾವಿಯವರು ಹೊಗಳಿದರು. ಹೂಲಿಯವರ ಪ್ರಯೋಗವೂ ಗೆದ್ದಿತು: ದುಡಿದ ಮೂಳೆಯ ಹೆಪ್ಪು ನಿಜಕ್ಕೂ ಹೆಚ್ಚು ಬಲವಾಗಿತ್ತು.

ತಂತಿ ಬಿಚ್ಚಿದ ದಿನ ಹೂಲಿ ಅವಳ ಮುಂದೆ ತಲೆತಗ್ಗಿಸಿ ಕೂತಿದ್ದರು. "ನೀನು ಮೊದಲ ದಿನವೇ ಬೇಡ ಅನ್ನಬಹುದಿತ್ತಲ್ಲ ತಾಯಿ. ಯಾಕೆ ಅನ್ನಲಿಲ್ಲ?" ಅಂದರು.

ಇಬ್ಬನಿ ಕರವಸ್ತ್ರದಿಂದ ಗಲ್ಲ ಒರೆಸಿಕೊಂಡಳು. "ನೀವು ನನ್ನ ಕೇಳಿದ್ರೇನ್ರಿ?"

ಹೂಲಿಯವರು ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲವಂತೆ. ಮಾಡದಿದ್ದರೆ ಒಳ್ಳೆಯದೇ ಆಯಿತು. ಮರುದಿನ ಆಸ್ಪತ್ರೆಯಲ್ಲಿ ಹೊಸ ನಿಯಮ ಬಂತು. ಮೂಳೆ ಕೊಡುವವಳನ್ನು ಒಬ್ಬಳನ್ನೇ ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಅವಳನ್ನೇ ಕೇಳಬೇಕು. ಅವಳು ಬೇಡ ಅಂದರೆ ಹೊರಗಿನವರಿಗೆ "ಮೂಳೆ ಕೂಡಲಿಲ್ಲ" ಎಂದಷ್ಟೇ ಹೇಳಬೇಕು, ಅವಳ ಮೇಲೆ ಯಾವ ಮಾತೂ ಬರಬಾರದು. ಕೇಳುವ ಕೆಲಸಕ್ಕೆ ಯಾರನ್ನಿಡುವುದು ಎಂದು ಯೋಚಿಸುತ್ತಿದ್ದಾಗ ಇಬ್ಬನಿಯೇ ಬಂದು, "ಅಲ್ಲೆ ನಾ ಕುಂದರ್ತೀನಿ," ಅಂದಳು. ಆಸ್ಪತ್ರೆಯ ಕೆಲಸ ಅಂದದ್ದಕ್ಕೆ ಮನೆಯಲ್ಲಿ ಅಡ್ಡಿ ಬರಲಿಲ್ಲ. ಗಂಜಿ ಕುಡಿಯುವವಳು ಕಾರ್ಖಾನೆಯಲ್ಲಿ ಇದ್ದು ಮಾಡುವುದೇನು ಅಂದಳು ಅತ್ತೆ.

ಇನ್ನು ಹುಡುಗಿಯರು ಬೇಡ ಅನ್ನುತ್ತಾರೆ, ಸಾಲುಸಾಲಾಗಿ ಅನ್ನುತ್ತಾರೆ ಅಂತ ಹೂಲಿ ಕಾದರು. ಎದುರಿಗೆ ಸೊಟ್ಟ ದವಡೆಯವಳು ಕೂತಿದ್ದಾಳೆ, ಏನಾಯಿತೆಂದು ತನ್ನ ಬಾಯಿಂದಲೇ ಹೇಳುತ್ತಾಳೆ, ಇದಕ್ಕಿಂತ ಏನು ಬೇಕು? ತಿಂಗಳುಗಳು ಹೋದವು. ಒಬ್ಬಳೂ ಬೇಡ ಅನ್ನಲಿಲ್ಲ. "ನಿನಗ ಒಪ್ಪಿಗಿ ಐತೇನ?" ಅಂದರೆ "ನಮ್ಮ ಮನ್ಯಾಗ ಒಪ್ಯಾರ್ರಿ" ಅನ್ನುತ್ತಿದ್ದರು. "ಮನಿ ಬಿಡ, ನಿನಗ?" ಅಂದರೆ ಹಿಂದೆ ತಿರುಗಿ ಬಾಗಿಲು ನೋಡುತ್ತಿದ್ದರು.

ಒಬ್ಬಳು ಮಾತ್ರ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಹೊಸದಾಗಿ ಮದುವೆಯಾದವಳು, ಕೈಯಲ್ಲಿನ ಹಸಿರು ಬಳೆ ಇನ್ನೂ ಕಡಿಮೆಯಾಗಿರಲಿಲ್ಲ. ಹೆಸರು ತೇಜಸಾ. ಇಬ್ಬನಿ ಮುಂದಕ್ಕೆ ಬಾಗಿ, "ಹೆದರಬ್ಯಾಡ. ಕೂಡಲಿಲ್ಲ ಅಂತ ನಾವು ಹೇಳ್ತೀವಿ. ಯಾರಿಗೂ ಗೊತ್ತಾಗೂದಿಲ್ಲ," ಅಂದಳು.

"ಕೂಡಲಿಲ್ಲ ಅಂದ್ರ ನನ್ನ ಯಾಕ ಇಟ್ಕೋತಾರ ಅಕ್ಕಾ?" ಹುಡುಗಿ ಕೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಗೊತ್ತಿಲ್ಲದ್ದನ್ನು ಕೇಳುವ ದನಿ. "ಕೂಡತೈತಿ ಅಂತನ ತಂದಾರ. ತವರಿಗೆ ಹೋದ್ರ ನಮ್ಮಪ್ಪ ಒಳಗ ಕರೀತಾನೇನು, ಅವನ ಅಕ್ಕನ ಮನಿ ಬಿಟ್ಟು ಬಂದ್ರ?" ಆಮೇಲೆ ಇಬ್ಬನಿಯ ಮುಖವನ್ನೇ ನೋಡಿದಳು. "ನಿಮಗ ಇಷ್ಟೆಲ್ಲ ಆತಲ್ಲ. ನೀವು ಈಗ ಎಲ್ಲಿ ಇರ್ತೀರಿ?"

ಇಬ್ಬನಿಗೆ ಸುಳ್ಳು ಹೇಳಲು ಬರಲಿಲ್ಲ. "ಅದ ಮನ್ಯಾಗ," ಅಂದಳು.

ಹುಡುಗಿ ತಲೆಯಾಡಿಸಿದಳು. ಬಳೆ ಮೇಲಕ್ಕೇರಿಸಿಕೊಂಡು ಎದ್ದು ನಿಂತು, "ಯಾವ ಕಡೆದು ತಗೀತಾರ್ರಿ?" ಅಂತ ಕೇಳಿದಳು.

ಇದೆಲ್ಲ ಇನ್ನೂ ಆಗಬೇಕಾದ ಕತೆ. ಮೂಳೆಯ ಹೆಪ್ಪು ಇನ್ನೂ ಹುಟ್ಟಿಲ್ಲ, ಕಂಡುಹಿಡಿಯುವ ಹೂಲಿ ಈಗ ಎಲ್ಲೋ ಹೈಸ್ಕೂಲಿನ ಬೆಂಚಿನ ಮೇಲೆ ಕೂತಿರಬಹುದು. ಇಬ್ಬನಿ ಹುಟ್ಟಲು ಇನ್ನೂ ಬಹಳ ವರ್ಷ ಬೇಕು. ಆ ಮನೆ ಮಾತ್ರ ಈಗಾಗಲೇ ಇದೆ. ನಮ್ಮಲ್ಲಿ ಬಹಳ ಜನ ಅದರಲ್ಲೇ ವಾಸವಾಗಿದ್ದೇವೆ.